ನಿಂತಲ್ಲಿ ನಡುಗುವ ವ್ಯಾನು

ನನ್ನ ವ್ಯಾನಿನ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಅದಕ್ಕೆ ಏನಾದರೂ ಆದರೆ ಕಿವಿಗಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ. ಆ ಸಲ ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ, ಒಂದು ಬೆಳಿಗ್ಗೆ ಹೆಮ್ಮಾಡಿಯಲ್ಲಿ ದನಗಳು ರಸ್ತೆ ದಾಟಲಿ ಎಂದು ನಿಲ್ಲಿಸಿದ್ದೆ. ಗಾಡಿ ಗೇರಿನಲ್ಲಿರಲಿಲ್ಲ, ಎಕ್ಸಲರೇಟರ್ ಮೇಲೆ ನನ್ನ ಕಾಲೂ ಇರಲಿಲ್ಲ. ಇಂಜಿನ್ ತನ್ನಷ್ಟಕ್ಕೆ ತಾನೇ ಏರಿತು, ಇಳಿಯಿತು, ಮತ್ತೆ ಏರಿತು. ಇನ್ನೇನು ನಿಂತೇ ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಜೀವ ಬಂತು. ಹಿಂದೆ ಮೀನಿನ ಪೆಟ್ಟಿಗೆಗಳ ಮುಚ್ಚಳಗಳು ಗಡಗಡ ಅಂದವು. ಥೂ ಇದರ, ಹೊಸ ತಲೆನೋವು ಶುರುವಾಯಿತು ಎಂದು ಬೈದುಕೊಂಡು ಮುಂದೆ ಹೋದೆ.

ನಾನು ಮೀನು ಮಾರುವವಳು. ಬೆಳಿಗ್ಗೆ ಗಂಗೊಳ್ಳಿಯ ಬಂದರಿನಲ್ಲಿ ಮೀನು ಕೊಂಡು, ಐಸ್ ಹಾಕಿ, ಮೊದಲೇ ಫೋನಿನಲ್ಲಿ ಹೇಳಿಟ್ಟವರ ಮನೆ ಬಾಗಿಲಿಗೆ ಮುಟ್ಟಿಸುತ್ತೇನೆ. ಒಂದು ದಿನ ಬೈಂದೂರು ಕಡೆ, ಒಂದು ದಿನ ಕುಂದಾಪುರ ದಾಟಿ ಬ್ರಹ್ಮಾವರದವರೆಗೆ. ವ್ಯಾನು ಬರುವುದಕ್ಕೆ ಮೊದಲು ಬುಟ್ಟಿ ಹೊತ್ತು ಬಸ್ಸಿಗೆ ಕಾಯುತ್ತಿದ್ದೆ. ಬುಟ್ಟಿ ಕಂಡ ಕೂಡಲೇ ಕಂಡಕ್ಟರ್ ‘ರೈಟ್ ರೈಟ್’ ಎಂದು ಕೂಗಿ ನನ್ನ ಮೂಗಿನ ಮುಂದೆಯೇ ಬಸ್ಸು ಬಿಡಿಸುತ್ತಿದ್ದ. ಹತ್ತಿಸಿಕೊಂಡವರು ಹಿಂದಿನ ಬಾಗಿಲ ಹತ್ತಿರ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಪಕ್ಕದವರು ಸೀರೆ ಸೆರಗು ಮೂಗಿಗೆ ಹಿಡಿದುಕೊಳ್ಳುತ್ತಿದ್ದರು; ಅವರೇ ಮಧ್ಯಾಹ್ನ ನನ್ನದೇ ಬಂಗುಡೆ ಸಾರು ಉಣ್ಣುತ್ತಿದ್ದರು. ಹಾಗಾಗಿ ಈ ಹಳೆಯ ವ್ಯಾನು ನನಗೆ ಬರೀ ಗಾಡಿಯಾಗಿರಲಿಲ್ಲ. ಇದು ಹೋದರೆ ಮತ್ತೆ ಬುಟ್ಟಿ, ಮತ್ತೆ ಬಸ್ಸು, ಮತ್ತೆ ಆ ಮೂಲೆ.

ಡ್ರೈವಿಂಗ್ ಕಲಿಸಿದವನು ಅಣ್ಣ. ನನ್ನ ಸ್ವಂತ ಅಣ್ಣ, ಬಂದರಿನಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುವವನು. ಮನೆಯಲ್ಲಿ ಉಳಿದವರೆಲ್ಲ ‘ಈ ವಯಸ್ಸಲ್ ಎಂತಕೆ ಇದೆಲ್ಲ’ ಎಂದು ಮೂಗು ಮುರಿದಾಗ ‘ಅವ್ಳ್ ಕಲೀತ್ಳ್, ನೀವ್ ಸುಮ್ನೆ ಇರಿ’ ಎಂದು ಬಾಯಿ ಮುಚ್ಚಿಸಿದವನೂ ಅವನೇ. ತ್ರಾಸಿಯ ಕಡಲ ಬದಿಯ ರಸ್ತೆಯಲ್ಲಿ ಪಕ್ಕದಲ್ಲಿ ಕೂತು ಕಲಿಸಿದ. ಗೇರು, ಬ್ರೇಕು ಮಾತ್ರ ಅಲ್ಲ. ಗಾಡಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಇಂಜಿನ್ ಸದ್ದು ಕೇಳಿಸುತ್ತಿದ್ದ. ‘ಈಗ ಎಂತ ಹೇಳ್ತಾ ಇತ್ತ್ ಕಾಣ್’ ಎನ್ನುತ್ತಿದ್ದ. ಪ್ಲಗ್ ಕೆಟ್ಟರೆ ಹೇಗೆ, ಪೆಟ್ರೋಲ್ ಸರಿ ಬರದಿದ್ದರೆ ಹೇಗೆ, ಎಲ್ಲಿಂದಲಾದರೂ ಕಳ್ಳ ಗಾಳಿ ಒಳಗೆ ನುಗ್ಗಿದರೆ ಹೇಗೆ ಎಂದು ಬೇಕೆಂದೇ ಒಂದೊಂದು ಪೈಪು ಕಿತ್ತು ತೋರಿಸುತ್ತಿದ್ದ. ನಾನು ಸರಿ ಹೇಳಿದಾಗ ಅವನಿಗೆ ಆಗುತ್ತಿದ್ದ ಖುಷಿ ನೋಡಬೇಕಿತ್ತು.

ಅವನ ಮನೆ, ನಮ್ಮ ಮನೆ ಒಂದೇ ಓಣಿ. ನಮ್ಮ ಅಂಗಳಕ್ಕೆ ಗಾಡಿ ಹೋಗುವುದಿಲ್ಲವೆಂದು ವ್ಯಾನು ಅವನ ಶೀಟಿನ ಮಾಡಿನ ಕೆಳಗೇ ನಿಲ್ಲುತ್ತದೆ. ಅಬ್ಬಿ, ಅಂದರೆ ನಮ್ಮ ತಾಯಿ, ಇರುವುದೂ ಅವನ ಜೊತೆಗೆ. ಹೆಮ್ಮಾಡಿಯಲ್ಲಿ ನಡುಕ ಬಂದ ದಿನ ಸಂಜೆಯೇ ಅವನಿಗೆ ಹೇಳಿದೆ. ಸೀಟು ಎತ್ತಿದ, ಸ್ಟಾರ್ಟ್ ಮಾಡಿಸಿದ, ಪ್ಲಗ್ ಬಿಚ್ಚಿ ಒರೆಸಿ ಹಾಕಿದ, ಏರ್ ಫಿಲ್ಟರ್ ಕೊಡವಿದ, ಪೈಪುಗಳಿಗೆಲ್ಲ ಸೋಪಿನ ನೀರು ಚಿಮುಕಿಸಿದ. ಇಂಜಿನ್ ಮಾತ್ರ ಏರುತ್ತ ಇಳಿಯುತ್ತ ಇತ್ತು.

‘ಎಲ್ಲ ಸಮ ಇತ್ತಲೆ ಹೆಣೆ,’ ಎಂದ.

‘ಎಂತ ಸಮ? ಕೇಂತಿಲ್ಯಾ ನಿಂಗೆ? ಗಾಳಿ ಎಳೀತಾ ಇತ್ತಲ್ಲ ಅಣ್ಣ.’

‘ಗಾಳಿಯೂ ಇಲ್ಲೆ, ಮಳೆಯೂ ಇಲ್ಲೆ. ನಿನ್ ಕೆಮಿ ಹಾಳಾಯಿತ್ತ್. ಹಳೇ ಗಾಡಿ ಹಾಂಗೇ. ಸ್ವಲ್ಪ ದಿನ ದೂರ ಹೋಪುದ್ ಬೇಡ.’

ನನ್ನ ಕಿವಿಯನ್ನೇ ದೂರಿ, ನಕ್ಕು ತಲೆಗೊಂದು ಮೊಟಕಿದ. ನಾನೂ ನಕ್ಕೆ. ಅಣ್ಣ ಕೇಳಿ ಇಲ್ಲ ಅಂದ ಮೇಲೆ ಇಲ್ಲ. ಅಷ್ಟು ನಂಬಿಕೆ ನನಗೆ.

ಆದರೆ ನಡುಕ ನಿಲ್ಲಲಿಲ್ಲ. ಓಡುವಾಗ ಗಾಡಿ ಚೆನ್ನಾಗಿಯೇ ಓಡುತ್ತಿತ್ತು, ನಿಲ್ಲಿಸಿದರೆ ಕುಣಿಯುತ್ತಿತ್ತು. ಒಬ್ಬರ ಮನೆ ಮುಂದೆ ಮೀನು ಕೊಡಲು ಇಳಿದರೆ ಆಫ್ ಆಗುವುದು, ಮತ್ತೆ ಸ್ಟಾರ್ಟ್ ಆಗಲು ಸತಾಯಿಸುವುದು. ಬ್ರಹ್ಮಾವರದ ಒಂದು ಗ್ಯಾರೇಜಿಗೆ ತೋರಿಸಿದೆ. ಅವರು ಕಂಪ್ಯೂಟರ್ ವಯರ್ ಚುಚ್ಚಿ ನೋಡಿದರು, ಯಾವ ತಪ್ಪೂ ತೋರಿಸುವುದಿಲ್ಲ ಅಂದರು. ಥ್ರಾಟಲ್ ಬಿಚ್ಚಿ ತೊಳೆದು ಕೊಟ್ಟರು. ಬಾರಕೂರು ರಸ್ತೆಯವರೆಗೆ ಸರಿ ಇತ್ತು, ಆಮೇಲೆ ಅದೇ ರಾಗ. ಗ್ಯಾರೇಜಿಗೆ ಹೋದದ್ದನ್ನು ಅಣ್ಣನಿಗೆ ಹೇಳಿದಾಗ ಅವನ ಮುಖ ಸಣ್ಣದಾಯಿತು. ‘ನಾ ಇದ್ದೂ ನೀ ಹೊರಗಿನವ್ರ ಹತ್ರ ಎಂತಕೆ ಹೋದ್ದ್?’ ಎಂದ. ಪಾಪ, ಬೇಜಾರಾಗಿದೆ ಅಂದುಕೊಂಡೆ. ಮತ್ತೆ ಯಾವ ಗ್ಯಾರೇಜಿಗೂ ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಸಮಾಧಾನ ಮಾಡಿದವಳು ನಾನು!

ಆಮೇಲಿನ ದಿನಗಳಲ್ಲಿ ಮನೆಯವರೆಲ್ಲರ ಮಾತೂ ಒಂದೇ ಆಯಿತು. ನನ್ನ ಗಂಡ ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ಊರಿಗೆ ಬಂದವರು, ಯಾವುದಕ್ಕೂ ತಲೆ ಹಾಕುವ ಪೈಕಿ ಅಲ್ಲ. ಅವರು ಸಹ ‘ಜಾನೆ ದೋ ಮಾರಾಯ್ತಿ, ದೀಪಾವಳಿ ಕಳೀಲಿ, ಮತ್ತ್ ಕಾಂಬ’ ಅಂದರು. ಅತ್ತಿಗೆ, ಎಂದರೆ ಅಣ್ಣನ ಹೆಂಡತಿ, ‘ದೀಪಾವಳಿ ವರೆಗೆ ರೆಸ್ಟ್ ಮಾಡಿ, ಸೊಂಟಕ್ಕೂ ಒಳ್ಳೇದ್’ ಅಂದಳು. ಅಣ್ಣ ಗಾಡಿಗೆ ಒಂದು ಸಾಮಾನು ತರಿಸಲು ಹೇಳಿದ್ದೇನೆ, ದೀಪಾವಳಿ ಹೊತ್ತಿಗೆ ಬರುತ್ತದೆ ಅಂದ. ಎಲ್ಲರ ಬಾಯಲ್ಲೂ ದೀಪಾವಳಿ. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಬ್ಬದ ಹತ್ತಿರ ಯಾರಾದರೂ ಹಾಗೇ ಮಾತಾಡುತ್ತಾರಲ್ಲ.

ಮನೆಯಲ್ಲಿ ಕೂತರೆ ನನ್ನ ಗಿರಾಕಿಗಳು ಕೂರುತ್ತಾರೆಯೇ? ಬ್ರಹ್ಮಾವರದ ಕಡೆ ತಡವಾಗಿ ಹೋದ ಎರಡು ಮೂರು ಸಲಕ್ಕೇ ‘ಅಕ್ಕ, ಬೇರೆಯವರ ಹತ್ರ ತಗೊಂಡ್ವಿ’ ಎಂಬ ಮೆಸೇಜು ಬರಲು ಶುರುವಾಯಿತು. ಐಸ್ ಕರಗಿದ ಚಟ್ಲಿಯನ್ನು, ಅಂದರೆ ಸಿಗಡಿಯನ್ನು, ಯಾರು ಮುಟ್ಟುತ್ತಾರೆ? ಅದಕ್ಕಿಂತ ಕೆಟ್ಟದ್ದು ಇನ್ನೊಂದು. ನನಗೆ ನನ್ನ ಮೇಲೇ ಸಂಶಯ ಬಂತು. ಫ್ಯಾನ್ ತಿರುಗಿದರೂ ಅದು ಏರಿ ಇಳಿದಂತೆ, ಮಿಕ್ಸಿ ಹಾಕಿದರೂ ನಡುಗಿದಂತೆ. ನಿಜಕ್ಕೂ ಕಿವಿ ಹೋಯಿತೇನೋ ಎಂದು ಕುಂದಾಪುರದಲ್ಲಿ ಕಿವಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಕಿವಿ ಚೆನ್ನಾಗಿದೆ ಅಂದರು. ಅಣ್ಣನಿಗೆ ಅದನ್ನೂ ಹೇಳಿದೆ. ಅವನು ನೆಲ ನೋಡಿ ‘ಹಾಂಗಾ’ ಎಂದ, ಅಷ್ಟೇ.

ಆಮೇಲೆ ತೆಕ್ಕಟ್ಟೆಯ ದಿನ ಬಂತು. ಬ್ರಹ್ಮಾವರದಿಂದ ವಾಪಸು ಬರುತ್ತಿದ್ದೆ. ತೆಕ್ಕಟ್ಟೆಯಲ್ಲಿ ಬಲಗಡೆ ಒಬ್ಬರ ಮನೆಗೆ ಮೀನು ಕೊಡಲಿತ್ತು. ಡಿವೈಡರಿನ ನಡುವೆ ಬಿಟ್ಟ ಜಾಗದಲ್ಲಿ ನಿಂತು, ಎದುರಿನ ರಸ್ತೆ ಖಾಲಿ ಆದದ್ದು ನೋಡಿ ಮುಂದೆ ಬಿಟ್ಟೆ. ಅರ್ಧ ರಸ್ತೆಯಲ್ಲಿ ಒಂದು ಬೈಕು ಅಡ್ಡ ಬಂತೆಂದು ಕಾಲು ತೆಗೆದೆ. ಇಂಜಿನ್ ಇಳಿಯಿತು, ಇಳಿದದ್ದು ಏರಲಿಲ್ಲ. ನಿಂತುಬಿಟ್ಟಿತು. ಕೀ ತಿರುಗಿಸುತ್ತೇನೆ, ಕೊರ್ರ್ ಕೊರ್ರ್ ಅನ್ನುತ್ತದೆ, ಹಿಡಿಯುವುದಿಲ್ಲ. ಎಡಕ್ಕೆ ನೋಡಿದರೆ ಕುಂದಾಪುರದ ಕಡೆಯಿಂದ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಒತ್ತಿಕೊಂಡೇ ಬರುತ್ತಿದೆ. ಬಾಗಿಲು ತೆಗೆಯಲು ಕೈ ಬರಲಿಲ್ಲ. ಬೆಲ್ಟು, ಲಾಕು, ಎಲ್ಲ ಮರೆತುಹೋಯಿತು. ಹ್ವಾಯ್, ಹ್ವಾಯ್ ಎಂದು ರಸ್ತೆ ಬದಿಯಲ್ಲಿ ಯಾರೋ ಕೂಗುತ್ತಿದ್ದರು. ಬಸ್ಸಿನವನು ಹೇಗೋ ಎಡಕ್ಕೆ ಎಳೆದು, ಮಣ್ಣಿಗಿಳಿಸಿ, ನನ್ನ ಮುಂದಿನ ಬಂಪರಿಗೆ ಗಾಳಿ ಬೀಸಿಕೊಂಡು ಹೋದ. ಹೋಗುವಾಗ ಕಿಟಕಿಯಿಂದ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೈದದ್ದು ಕೇಳಿದಾಗಲೇ ನಾನು ಬದುಕಿದ್ದೇನೆ ಎಂದು ಗೊತ್ತಾಯಿತು.

ರಸ್ತೆ ಬದಿಯ ಅಂಗಡಿಯವರು ವ್ಯಾನು ನೂಕಿ ಪಕ್ಕಕ್ಕೆ ಹಾಕಿದರು, ಸೋಡಾ ಕುಡಿಸಿದರು. ಅರ್ಧ ಸೀರೆ ಮೇಲೆ ಚೆಲ್ಲಿದೆ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೀ ಕಸಿದುಕೊಳ್ಳುತ್ತಾರೆ, ವ್ಯಾನು ಮಾರಿಸುತ್ತಾರೆ. ಸಾಯುವ ಹೆದರಿಕೆಗಿಂತ ಆ ಹೆದರಿಕೆಯೇ ದೊಡ್ಡದಾಗಿತ್ತು ನನಗೆ.

ಮರುದಿನ ಅಣ್ಣ ಬಂದರಿಗೆ ಹೋದ ಮೇಲೆ ನಾನೇ ಸೀಟು ಎತ್ತಿದೆ. ಕಳ್ಳ ಗಾಳಿ ಹುಡುಕುವ ಉಪಾಯವನ್ನು ಅವನೇ ಕಲಿಸಿದ್ದ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಬೇಕು, ಒಂದೊಂದು ರಬ್ಬರ್ ಪೈಪಿನ ಮೇಲೂ ಸೋಪಿನ ನೀರು ಚಿಮುಕಿಸಬೇಕು. ಎಲ್ಲಿ ತೂತಿದೆಯೋ ಅಲ್ಲಿ ನೀರು ಮುಚ್ಚಿಕೊಂಡು ಒಂದು ಕ್ಷಣ ಇಂಜಿನ್ ಸದ್ದು ಬದಲಾಗುತ್ತದೆ. ಮೊದಲ ದಿನ ಸಂಜೆ ಅಣ್ಣ ನನ್ನ ಕಣ್ಣೆದುರೇ ಈ ಪರೀಕ್ಷೆ ಮಾಡಿದ್ದ, ಎಲ್ಲ ಪೈಪಿಗೂ ನೀರು ಹಾಕಿದ್ದ. ಎಲ್ಲ ಪೈಪಿಗೂ ಎಂದು ನಾನು ತಿಳಿದಿದ್ದೆ. ಹಿಂದುಗಡೆ, ಕೈ ಬಗ್ಗಿಸಿ ತೂರಿಸಿದರೆ ಮಾತ್ರ ಸಿಗುವ ಒಂದು ಸಣ್ಣ ಪೈಪಿದೆ. ಅಲ್ಲಿಗೆ ನೀರು ಬಿದ್ದದ್ದೇ ತಡ, ಕುಣಿಯುತ್ತಿದ್ದ ಇಂಜಿನ್ ಗಪ್ಪನೆ ಒಂದೇ ಹದಕ್ಕೆ ಬಂತು. ಮತ್ತೆ ಹಾಕಿದೆ, ಮತ್ತೆ ಹದಕ್ಕೆ ಬಂತು. ‘ಸಿಕ್ಕಿಬಿದ್ದೆ ಕಳ್ಳ!’ ಎಂದು ಒಬ್ಬಳೇ ಕೂಗಿದೆ. ಎಷ್ಟು ಖುಷಿಯಾಯಿತೆಂದರೆ, ಅಣ್ಣನಿಗೆ ಫೋನ್ ಮಾಡಬೇಕೆಂದು ಮೊಬೈಲ್ ಕೈಗೆ ತೆಗೆದುಕೊಂಡಿದ್ದೆ.

ಅಷ್ಟರಲ್ಲಿ ಇನ್ನೊಂದು ಕೈಯಿಂದ ಎಳೆದ ಪೈಪು ಬಿಚ್ಚಿಕೊಂಡು ಬಂತು. ಹಳತಾದ ರಬ್ಬರ್ ಬಿರಿಯುತ್ತದೆ, ಬಿರಿದ ಜಾಗ ಒರಟೊರಟಾಗಿರುತ್ತದೆ. ಇದು ಬಿರಿದದ್ದಲ್ಲ. ಕೆಳಬದಿಯಲ್ಲಿ, ಮೇಲಿನಿಂದ ಕಾಣದ ಹಾಗೆ, ಬ್ಲೇಡಿನಿಂದ ನೆಟ್ಟಗೆ ಕೊಯ್ದದ್ದು. ಕೊಯ್ದ ಬಾಯಿ ಪೂರ್ತಿ ಹರಿದು ಹೋಗದಿರಲಿ ಎಂದು ಎರಡೂ ತುದಿಗೆ ಬಲೆ ಕಟ್ಟುವ ನೈಲಾನ್ ನೂಲು ಬಿಗಿದು ಗಂಟು ಹಾಕಿತ್ತು. ಅಣ್ಣ ಎಡಗೈಯವನು. ಅವನು ಬಲೆ ಕಟ್ಟಿದರೆ ಗಂಟು ಬೇರೆಯವರದ್ದಕ್ಕಿಂತ ತಿರುವಾಗಿ ಕೂರುತ್ತದೆ. ಚಿಕ್ಕಂದಿನಲ್ಲಿ ಅದನ್ನು ನೋಡಿ ನಾವೆಲ್ಲ ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆವು.

ಆ ಗಂಟು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಬೇರೆ ಯಾರಾದರೂ ಕಟ್ಟಿರಬಹುದೇ, ಅವನು ರಿಪೇರಿಗೆಂದು ಕಟ್ಟಿ ಮರೆತನೇ ಎಂದು ಅವನ ಪರವಾಗಿ ನಾನೇ ವಾದ ಮಾಡಿದೆ. ರಿಪೇರಿ ಮಾಡುವವನು ತೂತಿನ ಮೇಲೆ ಕಟ್ಟುತ್ತಾನೆ. ಇವನು ತೂತು ಬಿಟ್ಟು ಆಚೆ ಈಚೆ ಕಟ್ಟಿದ್ದ. ಎಷ್ಟು ಬೇಕೋ ಅಷ್ಟೇ ಕೆಡಿಸಿದ್ದ, ಜಾಗ್ರತೆಯಿಂದ, ಕೆಲಸ ಗೊತ್ತಿರುವವನ ಹಾಗೆ. ನನ್ನ ಕಿವಿ ಸರಿಯಿತ್ತು. ಸರಿಯಿದೆ ಎಂದು ಗೊತ್ತಿದ್ದೇ, ನನ್ನೆದುರು ನಿಂತು, ಹಾಳಾಗಿದೆ ಅಂದಿದ್ದ. ಅಳು ಬರಲಿಲ್ಲ. ಟೇಪು ಹುಡುಕಲು ಎದ್ದೆ.

ಕೊಯ್ದ ಪೈಪಿಗೆ ಟೇಪು ಸುತ್ತಿ ಕುಂದಾಪುರಕ್ಕೆ ಹೋಗಿ, ಹೊಸ ಪೈಪು ಕೊಂಡು ಅಂಗಡಿಯ ಮುಂದೆಯೇ ಹಾಕಿದೆ. ವ್ಯಾನು ನಿಂತಲ್ಲಿ ಅಲುಗಾಡಲಿಲ್ಲ. ಹಾಗೇ ಅಣ್ಣನ ಅಂಗಳಕ್ಕೆ ತಂದು ನಿಲ್ಲಿಸಿದೆ, ಆಫ್ ಮಾಡಲಿಲ್ಲ. ಅಬ್ಬಿ ಜಗಲಿಯಲ್ಲಿ ಕೂತು ಒಣಮೀನು ಹೆಕ್ಕುತ್ತಿದ್ದಳು. ಸದ್ದು ಕೇಳಿ ತಲೆ ಎತ್ತಿದಳು. ಅವಳ ಮುಖ ಬಿದ್ದುಹೋಯಿತು.

‘ಗಾಡಿ ಸಮ ಆಯ್ತಾ?’

‘ಆಯ್ತ್.’

‘ಅವಂಗೆ ಗೊತ್ತಿತ್ತಾ?’

ಅಷ್ಟು ಸಾಕಾಯಿತು ನನಗೆ. ಇಳಿದು ಹೋಗಿ ಅವಳ ಎದುರು ಕುಕ್ಕರಗಾಲಲ್ಲಿ ಕೂತೆ. ‘ಅಬ್ಬೀ, ಎಂತ ಸಂಗ್ತಿ? ಬಾಯ್ ಬಿಡ್’ ಎಂದೆ. ಅವಳು ಮೀನು ಹೆಕ್ಕುವುದನ್ನು ನಿಲ್ಲಿಸದೆ, ನನ್ನ ಮುಖ ನೋಡದೆ, ಹೇಳಿದಳು. ಸೋಣ ತಿಂಗಳಲ್ಲಿ, ವ್ಯಾನು ನಡುಗಲು ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಅಣ್ಣನ ಮಗಳ ಮದುವೆಯ ವಿಚಾರಕ್ಕೆ ಬೈಂದೂರಿನ ಹತ್ತಿರ ಒಬ್ಬ ಜೋಯಿಸರ ಬಳಿ ನಿಮಿತ್ಯ ಕೇಳಲು ಹೋಗಿದ್ದರಂತೆ. ನಮ್ಮಲ್ಲಿ ಮದುವೆಗಿರಲಿ, ದೋಣಿ ಇಳಿಸಲಿಕ್ಕಿರಲಿ, ನಿಮಿತ್ಯ ಕೇಳದೆ ಯಾರೂ ಹೆಜ್ಜೆ ಇಡುವುದಿಲ್ಲ. ಜೋಯಿಸರು ಕವಡೆ ಹಾಕಿ, ಮದುವೆ ವಿಷಯ ಬದಿಗಿಟ್ಟು, ನಿಮ್ಮ ಮನೆಯ ಒಬ್ಬ ಹೆಂಗಸಿಗೆ ದೀಪಾವಳಿ ಕಳೆಯುವವರೆಗೆ ಚಕ್ರದಿಂದ ಗಂಡಾಂತರ ಉಂಟು ಅಂದರಂತೆ. ಮನೆಯಲ್ಲಿ ಗಾಡಿ ಬಿಡುವ ಹೆಂಗಸು ನಾನೊಬ್ಬಳೇ.

‘ನಿಂಗ್ ಹೇಳ್ರೆ ನೀ ನೆಗಾಡ್ತಿದ್ದೆ. ಹಟ ಹಿಡ್ದ್ ಇನ್ನೂ ಜಾಸ್ತಿ ಹೋತಿದ್ದೆ. ಹಾಂಗಾಯಿ ಎಲ್ಲರೂ ಸೇರಿ...’

‘ಎಲ್ಲರೂ ಅಂದ್ರೆ? ಇವ್ರಿಗೂ ಗೊತ್ತಿತ್ತಾ?’

ಅಬ್ಬಿ ಹೌದೆಂದು ತಲೆ ಆಡಿಸಿದಳು. ನನ್ನ ಗಂಡನಿಗೂ ಗೊತ್ತಿತ್ತು. ನನ್ನ ಪಕ್ಕದಲ್ಲಿ ಮಲಗಿ, ಬೆಳಿಗ್ಗೆ ನಾನು ಗಾಡಿಗೆ ಕೈಮುಗಿದು ಹೊರಡುವುದನ್ನು ನೋಡಿ, ‘ಜಾಗ್ರತೆ’ ಎನ್ನುತ್ತಿದ್ದ ಮನುಷ್ಯನಿಗೂ ಗೊತ್ತಿತ್ತು. ಒಂದಿಡೀ ಮನೆ ಸೇರಿ ನನ್ನ ಕಿವಿ ಮೇಲೆ ಹೂವಿಟ್ಟಿತ್ತು.

ಸಂಜೆ ಅಣ್ಣ ಬಂದ. ನನ್ನ ಗಂಡನೂ ಬಂದರು, ಅತ್ತಿಗೆ ಫೋನ್ ಮಾಡಿರಬೇಕು. ಕೊಯ್ದ ಪೈಪನ್ನು ಜಗಲಿಯ ಮೇಲೆ ಇಟ್ಟೆ. ಅಣ್ಣ ಅದನ್ನು ನೋಡಿದ, ಸುಳ್ಳು ಹೇಳಲಿಲ್ಲ. ‘ನಾನೇ ಮಾಡಿದ್ದ್,’ ಎಂದ. ‘ನಿನ್ನ ಒಳ್ಳೇದಕ್ಕೆ ಮಾಡಿದ್ದ್ ಹೆಣೆ. ನಿಂಗೆಂತಾರೂ ಆರೆ ನಾ ಬದ್ಕಿರ್ತಿದ್ನಾ?’ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೋಡಿ, ಎಂಥ ನ್ಯಾಯ! ಮೋಸ ಹೋದವಳು ನಾನು, ಅಳುವವರು ಅವರು.

‘ಅಣ್ಣ,’ ಎಂದೆ, ‘ಮೊನ್ನೆ ತೆಕ್ಕಟ್ಟೆಯಲ್ ಇದೇ ಗಾಡಿ ರಸ್ತೆ ಮಧ್ಯ ಆಫ್ ಆಯ್ತ್. ಬಸ್ ಬಂತ್. ಬಸ್ಸಿನವ ಎಡಕ್ ಎಳೀದಿದ್ರೆ ಸತ್ತೇ ಹೋತಿದ್ದೆ. ಕವಡೆ ಅಲ್ಲ, ನೀ ಕೊಯ್ದ ಪೈಪ್ ಕೊಲ್ತಿದ್ದದ್ದ್.’

ಅಣ್ಣ ಪೈಪನ್ನು ಕೈಗೆ ತೆಗೆದುಕೊಂಡು ಅಲ್ಲೇ ಕೂತ. ಅವನ ಮುಖ ಬಿಳಿಚಿಕೊಂಡಿತ್ತು. ತಲೆ ಎತ್ತಿ, ನಿಜವಾದ ನೋವಿನಿಂದಲೇ ಕೇಳಿದ:

‘ಇಷ್ಟ್ ದೊಡ್ಡ ಸಂಗ್ತಿ ಆಯಿತ್ತ್, ನನ್ನತ್ರ ಒಂದ್ ಮಾತ್ ಹೇಳ್ಲಿಲ್ಯಾ ನೀನ್?’

ನನಗೆ ನಗು ಬಂತು. ಹುಚ್ಚಿಯ ಹಾಗೆ ನಕ್ಕೆ. ಅಬ್ಬಿ ಹೆದರಿ ನನ್ನ ಕೈ ಹಿಡಿದಳು. ಕೈ ಬಿಡಿಸಿಕೊಂಡು ಮನೆಗೆ ಬಂದೆ. ಅವರು ಮೊದಲೇ ಹೇಳಿದ್ದರೆ ನಾನು ಕೂಗಾಡುತ್ತಿದ್ದೆ, ಜೋಯಿಸರಿಗೆ ಬೈಯುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ. ಕಡೆಗೆ ಅಬ್ಬಿಯ ಕಣ್ಣೀರಿಗೆ ಸೋತು ಮನೆಯಲ್ಲಿ ಕೂರುತ್ತಿದ್ದೆನೋ, ಇಲ್ಲವೋ. ಕೂರುವುದೂ ಬಿಡುವುದೂ ನನಗೆ ಬಿಟ್ಟದ್ದಾಗಿತ್ತು.

ದೀಪಾವಳಿ ಬಂತು, ಹೋಯಿತು. ವ್ಯಾನು ಈಗ ನಮ್ಮ ಓಣಿಯ ತುದಿಯಲ್ಲಿ, ಪರಿಚಯದವರೊಬ್ಬರ ಗೇಟಿನ ಹತ್ತಿರ ನಿಲ್ಲುತ್ತದೆ. ಬ್ರಹ್ಮಾವರದ ಗಿರಾಕಿಗಳಲ್ಲಿ ಅರ್ಧದಷ್ಟು ಜನ ವಾಪಸು ಬಂದಿದ್ದಾರೆ. ಅಣ್ಣನ ಜೊತೆ ಮಾತು ಬಿಟ್ಟಿಲ್ಲ. ಹೊರಗಿನವರು ನೋಡಿದರೆ ಎಲ್ಲ ಮೊದಲಿನ ಹಾಗೇ ಇದೆ. ಅವನ ಮಗಳ ಮದುವೆಗೂ ಹೋದೆ, ಬಡಿಸಲೂ ನಿಂತೆ.

ಕಳೆದ ತಿಂಗಳು ಬೈಂದೂರಿನಲ್ಲಿ ಅರ್ಧ ಮೀನು ಕೊಟ್ಟು ಮುಗಿಸಿದ್ದಾಗ ಅಣ್ಣನ ಫೋನ್ ಬಂತು. ಅಬ್ಬಿಗೆ ಸಣ್ಣ ಜ್ವರ, ಗುಳಿಗೆ ಕೊಟ್ಟಿದ್ದೇನೆ, ಹೆದರುವಂಥದ್ದಲ್ಲ, ನಿಧಾನಕ್ಕೆ ಬಾ ಎಂದ. ಸರಿ ಎಂದು ಫೋನ್ ಇಟ್ಟೆ. ಮುಂದಿನ ಮನೆಯ ಗೇಟಿನವರೆಗೆ ಹೋದೆ. ಅಲ್ಲಿಂದಲೇ ವ್ಯಾನು ತಿರುಗಿಸಿ, ಉಳಿದ ಮೀನು ಸಮೇತ, ಮರವಂತೆ, ತ್ರಾಸಿ ಎಲ್ಲೂ ನಿಲ್ಲಿಸದೆ ಬಂದು ಅಬ್ಬಿಯ ಹಣೆ ಮುಟ್ಟಿದೆ. ಸಣ್ಣ ಜ್ವರವೇ ಇತ್ತು. ಗುಳಿಗೆಯ ಕಾಗದ ಬದಿಯಲ್ಲಿ ಬಿದ್ದಿತ್ತು.

‘ಅವ ಫೋನ್ ಮಾಡ್ಲಿಲ್ಯಾ?’ ಎಂದು ಅಬ್ಬಿ ಕೇಳಿದಳು.

‘ಮಾಡಿದ.’

‘ಮತ್ತೆಂತಕೆ ಅಷ್ಟ್ ದೂರದಿಂದ ಮೀನ್ ಬಿಟ್ಟ್ ಓಡಿ ಬಂದೆ?’

ಅಣ್ಣ ಬಾಗಿಲಲ್ಲಿ ನಿಂತಿದ್ದ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಲಿಲ್ಲ.